ಮರಳಿ ಊರಿಗೆ ಬರುವವರ ಲೆಕ್ಕ

ನಿಜಾಮರ ಕಾಲದಲ್ಲಿ ಸೊಲ್ಲಾಪುರದಲ್ಲಿ ದುಡಿದು ಭೂಸನೂರಿಗೆ ಹಿಂದಿರುಗಿದವನು ಬ್ರಿಟಿಷ್ ಸರ್ಕಾರದ 6 ರೂಪಾಯಿಗೆ ಸುಮಾರು 7 ಹಾಲಿ ಸಿಕ್ಕಾ ಎಣಿಸಿಕೊಳ್ಳುತ್ತಿದ್ದನು. ಇಂದು ಅಮೆರಿಕೆಯ ಪೌರರಾಗಿ, ನಿವೃತ್ತಿಯ ಬಳಿಕ ಊರಿಗೆ ಮರಳುವ ನಮ್ಮವರ ಲೆಕ್ಕ ಇನ್ನೂ ಸೂಕ್ಷ್ಮವಾದುದು. 2005ರ ಕಾನೂನಿನಂತೆ ದೊರೆಯುವ ಓಸಿಐ ಕಾರ್ಡು ಆಜೀವ ವೀಸಾ ಇದ್ದಂತೆ. ಮತದ ಹಕ್ಕನ್ನು ಅದು ಕೊಡದು. ಅದರ ಬಲದಿಂದ ತೊಗರಿಯ ಹೊಲ ಕೊಳ್ಳಲಾಗದು. ತಂದೆಯಿಂದ ಬಂದ ಹೊಲಕ್ಕೆ ಅಡ್ಡಿಯಿಲ್ಲ. ವರ್ಷದಲ್ಲಿ 182 ದಿನ ಇಲ್ಲಿ ತಂಗಿದರೆ ತೆರಿಗೆಯ ದೃಷ್ಟಿಯಲ್ಲಿ ಅವರು ನಿವಾಸಿಗಳು. ಅಮೆರಿಕೆಗೂ ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಇಮ್ಮಡಿ ತೆರಿಗೆ ತಪ್ಪಿಸಲು 1989ರ ಒಪ್ಪಂದವಿದೆ. ಆದುದರಿಂದ ಮಹನೀಯರೇ, ಹೊರಡುವ ಮುನ್ನವೇ ದಿನಗಳನ್ನೆಣಿಸಿರಿ. ಬಂದು ನೆಲೆಸಿದೊಡನೆ ಬ್ಯಾಂಕಿಗೆ ತಿಳಿಸಿ, ಅನಿವಾಸಿ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಿರಿ. ಇಳಿವಯಸ್ಸಿನ ನೆಮ್ಮದಿಗೆ ಗಳಿಕೆಯಷ್ಟೇ ಕಾಗದಪತ್ರದ ಅಚ್ಚುಕಟ್ಟೂ ಬೇಕು.