ಇಟಲಿಗೆ ಹೊರಟ ಮಕ್ಕಳಿಗೆ ಕಟ್ಟಿಕೊಡಬೇಕಾದ ಬುತ್ತಿ

(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಸ್ತುತಿಸುತ್ತಾ, ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಹೇಳುತ್ತಾ, ಮೊದಲು ನನಗೂ ನಂತರ ನಿಮಗೂ ತಕ್ವಾದ ಉಪದೇಶ ಮಾಡುತ್ತೇನೆ.

ಈ ವರ್ಷ ನಮ್ಮ ಜಮಾಅತಿನ ಮೂವರು ಮಕ್ಕಳು ಪಿಯುಸಿ ಮುಗಿಸಿ ಇಟಲಿಯ ವಿಶ್ವವಿದ್ಯಾನಿಲಯಗಳಿಗೆ ಹೊರಟಿದ್ದಾರೆ. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಎರಡು ತಿಂಗಳಿನಿಂದ ಅವರ ಮನೆಯವರು ನಮಾಝ್ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ ಒಂದಲ್ಲ ಒಂದು ವಿಷಯ ಕೇಳುತ್ತಿದ್ದಾರೆ. ಹೆಚ್ಚುಕಡಿಮೆ ಎಲ್ಲರ ಪ್ರಶ್ನೆಯೂ ಒಂದೇ. ಹಾಗಾಗಿ ಇಂದು ಎಲ್ಲರ ಮುಂದೆಯೇ ಮಾತನಾಡೋಣ ಎಂದುಕೊಂಡೆ. ಮುಂದಿನ ವರ್ಷ ನಿಮ್ಮ ಮನೆಯ ಮಗುವೂ ಹೊರಡಬಹುದು. ಅಲ್ಲಿ ಓದುತ್ತಿರುವ ನಮ್ಮವರೊಡನೆ ಮಾತನಾಡಿ, ಕಾಗದಪತ್ರಗಳನ್ನು ಓದಿ ತಿಳಿದದ್ದನ್ನು ಹೇಳುತ್ತಿದ್ದೇನೆ.

ನಮ್ಮ ಕರಾವಳಿಯವರಿಗೆ ಪರದೇಶ ಹೊಸತಲ್ಲ. ಈ ಸಫ್‌ಗಳಲ್ಲಿ ಕುಳಿತಿರುವ ಹಿರಿಯರಲ್ಲಿ ಅರ್ಧಕ್ಕರ್ಧ ಮಂದಿ ಗಲ್ಫಿನಲ್ಲಿ ದುಡಿದು ಬಂದವರು. ಅದಕ್ಕೇ ಅನೇಕರು, “ನಾವು ಹದಿನೆಂಟಕ್ಕೇ ಹೋಗಿಲ್ಲವೇ, ಇವರಿಗೇನು ಕಷ್ಟ?” ಎನ್ನುತ್ತಾರೆ. ಆದರೆ ನೀವು ಹೋದಾಗ ರೂಮ್ ಕಂಪೆನಿ ಕೊಟ್ಟಿತ್ತು. ವೀಸಾದ ಕಾಗದವನ್ನು ಕಂಪೆನಿಯ ಪಿಆರ್‌ಒ ನೋಡಿಕೊಳ್ಳುತ್ತಿದ್ದ. ಬಾಂಗ್ ತಾನಾಗಿ ಕಿವಿಗೆ ಬೀಳುತ್ತಿತ್ತು, ಶುಕ್ರವಾರ ರಜೆ ಇತ್ತು, ರಮಝಾನಿನಲ್ಲಿ ಕೆಲಸದ ಹೊತ್ತು ಕಡಿಮೆಯಾಗುತ್ತಿತ್ತು. ಪಕ್ಕದ ಮಂಚದಲ್ಲಿ ಊರಿನವನೇ ಒಬ್ಬ ಮಲಗಿರುತ್ತಿದ್ದ. ಇಟಲಿಗೆ ಹೋದ ಮಗುವಿಗೆ ಇದ್ಯಾವುದೂ ಇಲ್ಲ. ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕು, ಅದೂ ತನಗೆ ಬಾರದ ಭಾಷೆಯಲ್ಲಿ.

ಜ್ಞಾನಕ್ಕಾಗಿ ಚೀನಾಕ್ಕಾದರೂ ಹೋಗಿ ಎಂಬ ಮಾತನ್ನು ನಾವು ಭಾಷಣಗಳಲ್ಲಿ ಧಾರಾಳವಾಗಿ ಹೇಳುತ್ತೇವೆ. ಅದರ ಸನದ್ ದುರ್ಬಲ ಎಂದು ಮುಹದ್ದಿಸರು ಹೇಳಿದ್ದಾರೆ, ಆದ್ದರಿಂದ ನಾನು ಅದನ್ನು ಪ್ರವಾದಿ(ಸ)ರ ಹೆಸರಿನಲ್ಲಿ ಹೇಳುವುದಿಲ್ಲ. ಜ್ಞಾನಕ್ಕಾಗಿ ಊರು ಬಿಡುವುದು ನಮ್ಮ ಪರಂಪರೆ ಎನ್ನಲು ಬೇರೆ ಆಧಾರಗಳು ಬೇಕಾದಷ್ಟಿವೆ. ಇಟಲಿಯ ಮಣ್ಣಿನಲ್ಲೇ ಇವೆ. 827ರಿಂದ ಸುಮಾರು ಎರಡೂವರೆ ಶತಮಾನ ಸಿಸಿಲಿ ದ್ವೀಪದಲ್ಲಿ ಮುಸ್ಲಿಮರ ಆಡಳಿತವಿತ್ತು. ಅದು ಹೋದ ಮೇಲೂ ಪಲೆರ್ಮೋದ ಕ್ರೈಸ್ತ ದೊರೆ ಎರಡನೆಯ ರೋಜರ್‌ನ ಆಸ್ಥಾನದಲ್ಲಿ ಕುಳಿತು ಅಲ್ ಇದ್ರೀಸಿ ತನ್ನ ಪ್ರಸಿದ್ಧ ಭೂಗೋಳ ಗ್ರಂಥವನ್ನು 1154ರಲ್ಲಿ ಮುಗಿಸಿದರು. ಇಬ್ನು ಸೀನಾರ ವೈದ್ಯಗ್ರಂಥ ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು. ಪೀಸಾ ನಗರದ ವರ್ತಕನ ಮಗ ಫಿಬೊನಾಚಿ ಉತ್ತರ ಆಫ್ರಿಕಾದ ಬಂದರಿನಲ್ಲಿ ಅಂಕಿಗಳನ್ನು ಕಲಿತು, 1202ರಲ್ಲಿ ಪುಸ್ತಕ ಬರೆದು ಅವನ್ನು ತನ್ನ ನಾಡಿಗೆ ಪರಿಚಯಿಸಿದ. ಆ ಅಂಕಿಗಳು ಹುಟ್ಟಿದ್ದು ನಮ್ಮ ಭಾರತದಲ್ಲಿ. ಇಲ್ಲಿಂದ ಅರಬರಿಗೆ, ಅರಬರಿಂದ ಅವರಿಗೆ. ಬೊಲೋನಾ, ಪಾದೋವಾದಂಥ ಹಳೆಯ ವಿಶ್ವವಿದ್ಯಾನಿಲಯಗಳ ಬಾಗಿಲಲ್ಲಿ ನಮ್ಮ ಮಗು ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ ಎನ್ನಲು ಇಷ್ಟು ಹೇಳಿದೆ.

ಈಗ ನನ್ನ ಮನಸ್ಸಿಗೆ ಭಾರವಾಗಿರುವ ವಿಷಯಕ್ಕೆ ಬರುತ್ತೇನೆ.

ಇಟಲಿಯ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಶುಲ್ಕ ಕುಟುಂಬದ ಆದಾಯವನ್ನು ನೋಡಿ ನಿಗದಿಯಾಗುತ್ತದೆ. ಬಡವರ ಮಕ್ಕಳಿಗೆ ಶುಲ್ಕವೇ ಇಲ್ಲ ಎನ್ನುವಷ್ಟು ಕಡಿಮೆ. ಅದರ ಮೇಲೆ ಪ್ರತಿ ಪ್ರಾಂತ್ಯದ ಸರಕಾರ ವಿದ್ಯಾರ್ಥಿವೇತನ ಕೊಡುತ್ತದೆ, ವಿದೇಶಿ ಮಕ್ಕಳಿಗೂ ಕೊಡುತ್ತದೆ. ಹಾಸ್ಟೆಲ್, ಮೆನ್ಸಾ ಎಂದು ಕರೆಯುವ ವಿದ್ಯಾರ್ಥಿ ಭೋಜನಶಾಲೆಯ ಊಟ ಎಲ್ಲವೂ ಇದಕ್ಕೆ ಸೇರುತ್ತವೆ. ಇದಕ್ಕಾಗಿ ಮನೆಯವರ ಆದಾಯ, ಬ್ಯಾಂಕ್ ಉಳಿತಾಯ, ಮನೆ, ಜಾಗ ಎಲ್ಲದರ ದಾಖಲೆ ಕೊಡಬೇಕು. ಅದಕ್ಕೆ ಅಪೊಸ್ಟಿಲ್ ಮುದ್ರೆ ಬೇಕು, ಇಟಾಲಿಯನ್ ಅನುವಾದ ಬೇಕು. ಇದರಿಂದ ಬರುವ ಲೆಕ್ಕಕ್ಕೆ ಅಲ್ಲಿ ಇಝೇ ಎನ್ನುತ್ತಾರೆ.

ಕಳೆದ ತಿಂಗಳು ಒಬ್ಬ ತಂದೆ ನನ್ನ ಬಳಿ ಬಂದಿದ್ದರು. ಪೇಟೆಯಲ್ಲಿ ಅವರದೊಂದು ಅಂಗಡಿ ಇದೆ, ಎರಡು ಬಾಡಿಗೆ ಕೋಣೆಗಳಿವೆ. ಏಜೆಂಟ್ ಅವರಿಗೆ, “ವರ್ಷಕ್ಕೆ ಎಂಬತ್ತು ಸಾವಿರ ಎಂದು ಸರ್ಟಿಫಿಕೇಟ್ ಮಾಡಿಸಿ, ಎಲ್ಲರೂ ಹಾಗೇ ಮಾಡುತ್ತಾರೆ, ಮಗನ ಓದು ಫ್ರೀ” ಎಂದಿದ್ದಾನೆ. ಅವರು ನನ್ನನ್ನು ಕೇಳಿದ್ದು ಹೀಗೆ: “ಉಸ್ತಾದರೇ, ಅದು ಅವರ ಸರಕಾರದ ದುಡ್ಡಲ್ಲವೇ? ತಪ್ಪಾಗುತ್ತದೆಯೇ?”

ತಪ್ಪಾಗುತ್ತದೆ. ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಆ ದುಡ್ಡು ಅಲ್ಲಿ ತೆರಿಗೆ ಕಟ್ಟುವವರದು. ಅವರಲ್ಲಿ ಕಾರ್ಖಾನೆಯಲ್ಲಿ ದುಡಿಯುವ ಮೊರೊಕ್ಕೋದವನಿದ್ದಾನೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಬಾಂಗ್ಲಾದವನಿದ್ದಾನೆ. ಆ ದುಡ್ಡಿಗೊಂದು ಮಿತಿ ಇದೆ. ಕೆಲವು ಪ್ರಾಂತ್ಯಗಳಲ್ಲಿ ಅರ್ಹರ ಪಟ್ಟಿಯಲ್ಲಿ ಹೆಸರಿದ್ದರೂ ಹಣ ಮುಗಿದುದರಿಂದ ಸಿಗದೆ ಹೋದವರಿದ್ದಾರೆ. ನೀವು ಎಂಬತ್ತು ಸಾವಿರ ಎಂದು ಬರೆಸಿದರೆ, ನಿಜವಾಗಿಯೂ ಎಂಬತ್ತು ಸಾವಿರ ದುಡಿಯುವವನ ಮಗು ಆ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಅದು ಆಫ್ರಿಕಾದ ಮಗುವಾಗಿರಬಹುದು, ನಮ್ಮದೇ ಪಕ್ಕದ ಊರಿನ ಮಗುವೂ ಆಗಿರಬಹುದು. ಯಾರ ಹಕ್ಕನ್ನು ಕಿತ್ತುಕೊಂಡೆವು ಎಂದು ನಮಗೆ ಗೊತ್ತೇ ಆಗುವುದಿಲ್ಲ. ಕ್ಷಮೆ ಕೇಳುವುದಾದರೂ ಯಾರಲ್ಲಿ?

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಕೆಲವರಿಗೆ ಆ ಭಾಷೆ ಮಾತ್ರ ಅರ್ಥವಾಗುತ್ತದೆ. ಅಲ್ಲಿಯ ಹಣಕಾಸು ಪೊಲೀಸರು ಈ ಲೆಕ್ಕಗಳನ್ನು ತಪಾಸಣೆ ಮಾಡುತ್ತಾರೆ. ಸುಳ್ಳು ಎಂದು ತಿಳಿದರೆ ಪಡೆದ ಹಣ ಹಿಂತಿರುಗಿಸಬೇಕು, ದಂಡವೂ ಬೀಳುತ್ತದೆ. ಸಹಿ ಹಾಕಿದವನು ತಂದೆಯಲ್ಲ, ಏಜೆಂಟನಂತೂ ಅಲ್ಲ. ಹತ್ತೊಂಬತ್ತು ವರ್ಷದ ಮಗ. ಆತ ಪರದೇಶದಲ್ಲಿ ಬರೆಯುವ ಮೊದಲ ಕಾಗದವೇ ಸುಳ್ಳಾಗಿರಬೇಕೇ? ಮದ್ರಸದಲ್ಲಿ ಹತ್ತು ವರ್ಷ ಕಲಿಸಿದ್ದನ್ನು ವಿಮಾನ ಹತ್ತುವ ಮೊದಲೇ ನಾವೇ ಅಳಿಸಿ ಕಳುಹಿಸಬೇಕೇ?

ವೀಸಾಕ್ಕಾಗಿ ಹದಿನೈದು ದಿನ ಬ್ಯಾಂಕಿನಲ್ಲಿ ತೋರಿಸಲು ಯಾರದೋ ಹಣವನ್ನು ಖಾತೆಗೆ ಹಾಕಿಸುವುದೂ ಇದೇ ಜಾತಿಯದು. ನಿಜವಾದ ಆದಾಯವನ್ನೇ ತೋರಿಸಿ. ನಮ್ಮಲ್ಲಿ ಎಷ್ಟೋ ಮನೆಗಳ ನಿಜ ಆದಾಯ ಯುರೋ ಲೆಕ್ಕದಲ್ಲಿ ಅಲ್ಲಿಯ ಮಿತಿಗಿಂತ ಕೆಳಗೇ ಬರುತ್ತದೆ. ಸುಳ್ಳಿನ ಅಗತ್ಯವೇ ಇಲ್ಲದವರು ಏಜೆಂಟನ ಮಾತು ಕೇಳಿ ಸುಳ್ಳು ಹೇಳುತ್ತಿದ್ದಾರೆ. ಬಡ್ಡಿ ಸಾಲದ ಬಗ್ಗೆ ಇಂದು ಹೆಚ್ಚು ಹೇಳುವುದಿಲ್ಲ. ಆದರೆ ಜಮಾಅತಿನಲ್ಲಿ ಅನುಕೂಲವಂತರಿದ್ದೀರಿ. ಒಬ್ಬ ವಿದ್ಯಾರ್ಥಿಯ ಮೊದಲ ವರ್ಷದ ಖರ್ಚನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಡಲು ನಾಲ್ಕು ಜನ ಸೇರಿದರೆ ಸಾಕು.

ಓದಿನ ವಿಷಯ. ವಿದ್ಯಾರ್ಥಿವೇತನ ಒಮ್ಮೆ ಸಿಕ್ಕಿತೆಂದರೆ ಮುಗಿಯಲಿಲ್ಲ. ಪೂರ್ಣ ವರ್ಷಕ್ಕೆ 60 ಕ್ರೆಡಿಟ್. ಮೊದಲ ವರ್ಷದವರು ಸಾಮಾನ್ಯವಾಗಿ ಆಗಸ್ಟ್ 10ರೊಳಗೆ ಕನಿಷ್ಠ 20 ಕ್ರೆಡಿಟ್ ಗಳಿಸಬೇಕು, ಇಲ್ಲವಾದರೆ ಎರಡನೆಯ ಕಂತು ನಿಲ್ಲುತ್ತದೆ. ನವೆಂಬರ್‌ವರೆಗೂ ಆಗದಿದ್ದರೆ ಕೊಟ್ಟದ್ದನ್ನೂ ವಾಪಸು ಕೇಳುತ್ತಾರೆ. ಅಂಕ 30ಕ್ಕೆ, ಪಾಸಾಗಲು 18. ಎಷ್ಟೋ ಪರೀಕ್ಷೆಗಳು ಮೌಖಿಕ. ಪ್ರೊಫೆಸರ್ ಎದುರು ಕುಳಿತು ಬಾಯಿಬಿಟ್ಟು ಉತ್ತರಿಸಬೇಕು. ನಮ್ಮ ಮಕ್ಕಳು ಬರೆದು ಅಭ್ಯಾಸವಿರುವವರು, ಗೊತ್ತಿದ್ದರೂ ಬಾಯಿ ಕಟ್ಟುತ್ತದೆ. ಇನ್ನೂ ಸಮಯವಿದೆ, ಮನೆಯಲ್ಲೇ ಕುಳ್ಳಿರಿಸಿ ಪಾಠ ಒಪ್ಪಿಸಲು ಹೇಳಿ. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಅಂಗಡಿ, ಅಂಚೆ ಕಚೇರಿ, ಪೊಲೀಸ್ ಕಚೇರಿ ಎಲ್ಲವೂ ಇಟಾಲಿಯನ್‌ನಲ್ಲೇ. ದಿನಕ್ಕೆ ಅರ್ಧ ಗಂಟೆಯಾದರೂ ಆ ಭಾಷೆ ಕಲಿಯಲಿ. ವೈದ್ಯಕೀಯಕ್ಕೆ ಹೋಗುವವರು ಅಲ್ಲಿಯ ಐಮ್ಯಾಟ್ ಬರೆದರೆ ಸಾಲದು, ನಮ್ಮ ನೀಟ್‌ನಲ್ಲೂ ಅರ್ಹತೆ ಪಡೆದಿರಬೇಕು. ಇಲ್ಲವಾದರೆ ಮರಳಿ ಬಂದು ಇಲ್ಲಿ ವೈದ್ಯರಾಗಲು ಸಾಧ್ಯವಿಲ್ಲ.

ನನಗೆ ಪರಿಚಯದ ಒಬ್ಬ ಹುಡುಗ ಮೊದಲ ವರ್ಷ ಎರಡೇ ಪರೀಕ್ಷೆ ಪಾಸಾಗಿದ್ದ. ಮನೆಗೆ ಹೇಳಲಿಲ್ಲ. ಪ್ರತಿದಿನ ಉಮ್ಮನ ಕರೆಗೆ “ಎಲ್ಲ ಚೆನ್ನಾಗಿದೆ” ಎನ್ನುತ್ತಿದ್ದ. ವಿದ್ಯಾರ್ಥಿವೇತನ ನಿಂತ ಮೇಲೂ ಹೇಳಲಿಲ್ಲ. ಕೊನೆಗೆ ವಿಷಯ ತಿಳಿದದ್ದು ಆತ ಬಾಡಿಗೆ ಕಟ್ಟಲಾಗದೆ ಗೆಳೆಯನ ಕೋಣೆಯ ನೆಲದಲ್ಲಿ ಮಲಗಿದ್ದಾಗ. ಅವನ ತಂದೆ ನನ್ನ ಮುಂದೆ ಅತ್ತರು. “ನಾನು ಬೈಯುತ್ತೇನೆ ಎಂದು ಹೆದರಿದನಂತೆ” ಎಂದರು. ಆ ಹುಡುಗ ಈಗ ಓದು ಮುಂದುವರಿಸಿದ್ದಾನೆ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಒಂದು ವರ್ಷ ಹೋಯಿತು. ತಂದೆಯಂದಿರೇ, ಹೊರಡುವ ಮೊದಲು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ಹೇಳಿ: ಫೇಲಾದ ದಿನ ಮೊದಲ ಕರೆ ನನಗೇ ಬರಲಿ. ಹೇಳಿದರೆ ಸಾಲದು, ಕರೆ ಬಂದಾಗ ಬೈಯದಿರಬೇಕು. ಎರಡನೆಯದು ಕಷ್ಟ.

ತಲುಪಿದ ಕೂಡಲೇ ಮಾಡಬೇಕಾದ ಕೆಲಸಗಳಿವೆ. ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅಂಚೆ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಅಲ್ಲಿ ಕೊಡುವ ರಸೀದಿಯನ್ನು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿಡಬೇಕು. ಬೆರಳಚ್ಚಿಗೆ ಕರೆದ ದಿನ ತಪ್ಪಿಸಬಾರದು. ಕೋಣೆ ನೋಡದೆ ಫೋಟೊ ನಂಬಿ ಮುಂಗಡ ಕಳುಹಿಸಬೇಡಿ, ಅದರಲ್ಲಿ ಮೋಸ ಹೋದವರು ಅನೇಕ. ಬಿಡುವಿನಲ್ಲಿ ಕೆಲಸ ಮಾಡಬಹುದು, ಆದರೆ ವಾರಕ್ಕೆ 20 ಗಂಟೆ, ವರ್ಷಕ್ಕೆ 1,040 ಗಂಟೆ ಮಾತ್ರ. ಆ ದುಡಿಮೆಯಿಂದ ಮನೆಗೆ ಕಳುಹಿಸುತ್ತಾನೆ ಎಂದು ಲೆಕ್ಕ ಹಾಕಿ ಕುಳಿತವರು ಆ ಲೆಕ್ಕ ಬಿಡಿ.

ನಮಾಝ್. ಇಲ್ಲಿ ಹುಟ್ಟಿದಾಗಿನಿಂದ ಕಿಬ್ಲ ಎಂದರೆ ಪಶ್ಚಿಮ. ಇಟಲಿಯಲ್ಲಿ ಆಗ್ನೇಯಕ್ಕೆ ತಿರುಗಬೇಕು. ಒಬ್ಬ ವಿದ್ಯಾರ್ಥಿ ಮೊದಲ ವಾರ ಪೂರ್ತಿ ಅಭ್ಯಾಸಬಲದಿಂದ ಪಶ್ಚಿಮಕ್ಕೇ ನಿಂತಿದ್ದನಂತೆ! ಇನ್ನು ಕೆಲವರು ಓದು ಮುಗಿಯುವ ತನಕ ತಾನು ಪ್ರಯಾಣಿಕ ಎಂದುಕೊಂಡು ಕಸ್ರ್ ಮಾಡುತ್ತಾರೆ. ಶಾಫಿಈ ಮದ್ಹಬಿನಲ್ಲಿ ಪೂರ್ಣ ನಾಲ್ಕು ದಿನ, ಹನಫಿಯಲ್ಲಿ ಹದಿನೈದು ದಿನ ಒಂದೆಡೆ ತಂಗುವ ಸಂಕಲ್ಪ ಮಾಡಿದರೆ ನಮಾಝ್ ಪೂರ್ತಿಯಾಗಿಯೇ ಮಾಡಬೇಕು. ಡಿಸೆಂಬರಿನಲ್ಲಿ ಮಿಲಾನಿನಲ್ಲಿ ಸಂಜೆ ಐದಕ್ಕೆ ಮೊದಲೇ ಮಗ್ರಿಬ್, ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ. ಶುಕ್ರವಾರ ತರಗತಿ ಇರುತ್ತದೆ, ವೇಳಾಪಟ್ಟಿ ಕೈಗೆ ಬಂದ ದಿನವೇ ಜುಮಾದ ಹೊತ್ತನ್ನು ಗುರುತಿಸಿಕೊಳ್ಳಬೇಕು. ರೋಮಿನಲ್ಲಿ 1995ರಲ್ಲಿ ತೆರೆದ ದೊಡ್ಡ ಮಸೀದಿ ಇದೆ. ಆದರೆ ಮಿನಾರ ಹುಡುಕುತ್ತಾ ಹೋದರೆ ಹೆಚ್ಚಿನ ಊರುಗಳಲ್ಲಿ ಮಸೀದಿ ಸಿಗದು. ಹಳೆಯ ಅಂಗಡಿ, ನೆಲಮಾಳಿಗೆ, ಗ್ಯಾರೇಜುಗಳಲ್ಲಿ ನಮಾಝ್ ನಡೆಯುತ್ತದೆ. ಆ ಬಾಗಿಲನ್ನು ಮೊದಲ ವಾರದಲ್ಲೇ ಹುಡುಕಿ ಹೋದವನಿಗೆ ಅಲ್ಲಿ ಮನೆಯೊಂದು ಸಿಕ್ಕಂತೆ.

ಹೆಣ್ಣುಮಗಳನ್ನು ಒಬ್ಬಳೇ ಕಳುಹಿಸುವ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಕುಟುಂಬ ತಮ್ಮ ಉಸ್ತಾದರಲ್ಲಿ ಕೇಳಿ, ಅವಳ ಚಿಕ್ಕಮ್ಮನ ಮನೆಯಿರುವ ಊರನ್ನೇ ಆರಿಸಿಕೊಂಡಿದೆ. ಇನ್ನು ಅದು ಬೀದಿಯಲ್ಲಿ ಚರ್ಚಿಸುವ ವಿಷಯವಲ್ಲ. ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ತಲೆವಸ್ತ್ರಕ್ಕೆ ನಿಷೇಧವಿಲ್ಲ ಎಂಬುದಷ್ಟನ್ನು ಕೇಳಿದವರಿಗೆ ತಿಳಿಸುತ್ತೇನೆ.

ಊಟದ್ದು ಎಲ್ಲರೂ ಹೆದರುವಷ್ಟು ಕಷ್ಟವಿಲ್ಲ. ಮೀನು, ತರಕಾರಿ, ಬೇಳೆ, ಅನ್ನ ಎಲ್ಲ ಸಿಗುತ್ತದೆ. ದೊಡ್ಡ ನಗರಗಳಲ್ಲಿ ಬಾಂಗ್ಲಾದೇಶ, ಪಾಕಿಸ್ತಾನ, ಮೊರೊಕ್ಕೋದವರ ಹಲಾಲ್ ಅಂಗಡಿಗಳಿವೆ. ಓದಲು ಕಲಿಯಬೇಕಾದ ಪದಗಳು ಕೆಲವು: ಮಯಾಲೆ, ಸುಯೀನೋ ಎಂದರೆ ಹಂದಿ, ಸ್ತ್ರುತ್ತೋ ಎಂದರೆ ಹಂದಿಯ ಕೊಬ್ಬು. ಇದು ಕೆಲವು ಬ್ರೆಡ್ಡು, ಬಿಸ್ಕತ್ತುಗಳಲ್ಲೂ ಇರುತ್ತದೆ. ತಿರಾಮಿಸು ಎಂಬ ಸಿಹಿಯಲ್ಲಿ ಮದ್ಯ ಬೆರೆಸುವುದುಂಟು. ಪಿಝಾದಲ್ಲಿ ಮರಿನಾರಾ ಎಂಬುದು ಬರೇ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ.

ನಿಜವಾದ ಕಷ್ಟ ಬೇರೆ. ಹೊರಟಿರುವ ಇಬ್ಬರು ಹುಡುಗರಿಗೂ ಅನ್ನ ಬೇಯಿಸಲು ಬರುವುದಿಲ್ಲ. ವಿಚಾರಿಸಿದೆ. ಒಬ್ಬನಿಗೆ ಚಹಾ ಬರುತ್ತದಂತೆ. ಪ್ರವಾದಿ(ಸ) ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಮನೆಕೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ನಮ್ಮ ಹುಡುಗರು ಉಂಡ ತಟ್ಟೆಯನ್ನೂ ಎತ್ತುವುದಿಲ್ಲ. ತಾಯಂದಿರು ಪರದೆಯ ಆಚೆ ಕೇಳಿಸಿಕೊಳ್ಳುತ್ತಿದ್ದೀರಿ: ಉಪ್ಪಿನಕಾಯಿ, ಮಸಾಲೆ ಹುಡಿ ಕಟ್ಟಿಕೊಡುವುದಕ್ಕೆ ಮೊದಲು ಒಂದು ತಿಂಗಳು ಅಡುಗೆಮನೆಗೆ ಕರೆಯಿರಿ. ಒಂದು ಸಾರು, ಒಂದು ಮೀನು, ಬಟ್ಟೆ ಒಗೆಯುವುದು, ಶೌಚಾಲಯ ತೊಳೆಯುವುದು.

ಕರೆ ಮಾಡುವವರಿಗೆ: ಇಲ್ಲಿ ರಾತ್ರಿ ಹತ್ತಾದಾಗ ಅಲ್ಲಿ ಚಳಿಗಾಲದಲ್ಲಿ ಸಂಜೆ ಐದೂವರೆ, ಬೇಸಿಗೆಯಲ್ಲಿ ಆರೂವರೆ. ದಿನಕ್ಕೆ ಐದು ಸಲ ವೀಡಿಯೊ ಕರೆ ಮಾಡಿ ಮಗುವಿನ ಓದು ಕೆಡಿಸಬೇಡಿ.

ಬರುವ ರವಿವಾರ ಅಸ್ರ್ ನಂತರ ಮದ್ರಸ ಹಾಲ್‌ನಲ್ಲಿ ಮೂರೂ ಕುಟುಂಬಗಳು ಆದಾಯ ಮತ್ತು ಜಾಗದ ಮೂಲ ಕಾಗದಗಳೊಂದಿಗೆ ಬರಬೇಕು. ಅಲ್ಲಿ ಓದಿ ಬಂದ ಒಬ್ಬ ಯುವಕ ಅಪೊಸ್ಟಿಲ್, ಅನುವಾದದ ಕ್ರಮವನ್ನು ತಿಳಿಸುತ್ತಾನೆ, ಏಜೆಂಟ್ ಬೇಕಾಗಿಲ್ಲ. ನಾನು ಮೇಲೆ ಹೇಳಿದ ಅಂಗಡಿಯ ತಂದೆ ನಿಜವಾದ ಲೆಕ್ಕವನ್ನೇ ಬರೆದು ತರುತ್ತೇನೆ ಎಂದಿದ್ದಾರೆ. ಬಡ್ಡಿರಹಿತ ಸಾಲಕ್ಕೆ ಕೈಜೋಡಿಸುವವರು ನಮಾಝ್ ಬಳಿಕ ಕಾರ್ಯದರ್ಶಿಯವರಲ್ಲಿ ಹೆಸರು ಕೊಡಿ.