ರಸ್ತೆಯ ಅಂದಾಜುಪಟ್ಟಿಯಲ್ಲಿ ಬೆಟ್ಟದ ಲೆಕ್ಕ



ಮಾಹಿತಿ ಹಕ್ಕಿನ ಕಾಯಿದೆಯ ಬೇರು ಇರುವುದು ರಾಜಸ್ಥಾನದ ಬರದ ಹಳ್ಳಿಗಳಲ್ಲಿ. ಅಲ್ಲಿ ಮಣ್ಣು ಹೊತ್ತ ಕೂಲಿಕಾರರು ತಮ್ಮ ಕಾಮಗಾರಿಯ ಹಾಜರಿಪಟ್ಟಿಯನ್ನೂ ಬಿಲ್ಲುಗಳನ್ನೂ ತೋರಿಸಿರೆಂದು ಕೇಳಿದರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ಜನಸುನಾವಣೆ ನಡೆಸಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕುಳಿತಿತು. 2005ರ ಅಕ್ಟೋಬರ್ 12ರಂದು ಕಾಯಿದೆ ಜಾರಿಗೆ ಬಂದಿತು. ಹಣ ಎಲ್ಲಿ ಹೋಯಿತೆಂಬುದು ಅಂದಿನ ಪ್ರಶ್ನೆ. ಆ ಹಣವು ಬೆಟ್ಟಕ್ಕೂ ಹವೆಗೂ ಏನು ಮಾಡಿತೆಂಬುದನ್ನು ಇಂದು ಅದರೊಡನೆಯೇ ಕೇಳಬೇಕಾಗಿದೆ.

ಕೇಂದ್ರದ 2024-25ರ ಆಯವ್ಯಯದಲ್ಲಿ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯಕ್ಕೆ ನೀಡಿದ್ದು ಸುಮಾರು 2.78 ಲಕ್ಷ ಕೋಟಿ ರೂಪಾಯಿ. ಇದೇ ಸರ್ಕಾರವು 2015ರಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ವಚನವೊಂದುಂಟು: 2030ರೊಳಗೆ ಹೆಚ್ಚುವರಿ ಅರಣ್ಯ ಮತ್ತು ಮರಗಳ ಹೊದಿಕೆಯ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದಷ್ಟನ್ನು ಹೀರಿಕೊಳ್ಳುವಂತೆ ಮಾಡುವುದು. 2021ರಲ್ಲಿ ಗ್ಲಾಸ್ಗೋ ಸಮಾವೇಶದಲ್ಲಿ 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿಯನ್ನೂ ಸಾರಲಾಯಿತು. ಒಂದು ಕಡತ ಮರ ಕಡಿಯಲು ಹಣ ಕೊಡುತ್ತದೆ, ಇನ್ನೊಂದು ಮರ ಬೆಳೆಸುವ ಮಾತು ಕೊಡುತ್ತದೆ. ಎರಡೂ ಕಡತಗಳನ್ನು ಒಂದೇ ಮೇಜಿನ ಮೇಲಿಟ್ಟು ಜನರಿಗೆ ತೋರಿಸುವವರಿಲ್ಲ.

ಇದು ಅಸಾಧ್ಯವಾದ ಕೆಲಸವೇನಲ್ಲ. 2005-06ರಿಂದ ಕೇಂದ್ರ ಆಯವ್ಯಯದೊಡನೆ ಮಹಿಳೆಯರಿಗಾಗಿ ಮಾಡುವ ವೆಚ್ಚದ ಪ್ರತ್ಯೇಕ ವಿವರಣಾ ಪತ್ರವೇ ಬರುತ್ತಿದೆ. ಒಡಿಶಾ 2020-21ರಲ್ಲಿ ಹವಾಮಾನ ಆಯವ್ಯಯವನ್ನು ಹೊರತಂದಿತು. ನಾರ್ವೆಯ ಓಸ್ಲೋ ನಗರವಂತೂ 2017ರಿಂದಲೇ ಹಣದ ಆಯವ್ಯಯದ ಜೊತೆಗೆ ಹೊಗೆಯ ಆಯವ್ಯಯವನ್ನೂ ಮಂಡಿಸುತ್ತ ಬಂದಿದೆ; ಯಾವ ಕ್ರಮದಿಂದ ಹೊರಸೂಸುವಿಕೆ ಎಷ್ಟು ತಗ್ಗುವುದು, ಅದಕ್ಕೆ ಯಾವ ಇಲಾಖೆ ಹೊಣೆ ಎಂಬುದು ಅದರಲ್ಲಿರುತ್ತದೆ.

ಲೆಕ್ಕವನ್ನು ಮೊದಲೇ ತೆರೆದಿಡದಿದ್ದರೆ ಏನಾಗುತ್ತದೆಂಬುದಕ್ಕೆ ಉತ್ತರಾಖಂಡದ ಚಾರ್‌ಧಾಮ್ ರಸ್ತೆಯನ್ನು ನೋಡಬೇಕು. 2016ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಯ ಉದ್ದ ಸುಮಾರು 900 ಕಿ.ಮೀ., ಅಂದಾಜು ಸುಮಾರು 12,000 ಕೋಟಿ ರೂಪಾಯಿ. 2013ರ ತಿದ್ದುಪಡಿಯಂತೆ, ಇರುವ ಹೆದ್ದಾರಿಯ ವಿಸ್ತರಣೆ 100 ಕಿ.ಮೀ. ಮೀರದಿದ್ದರೆ ಪರಿಸರ ಅನುಮತಿ ಬೇಕಿಲ್ಲ. ಚಾರ್‌ಧಾಮ್ ರಸ್ತೆ 53 ತುಂಡುಗಳಾಯಿತು. ಒಂದೂ 100 ಕಿ.ಮೀ. ಮುಟ್ಟಲಿಲ್ಲ. ಘೋಷಣೆಯ ವೇದಿಕೆಯಲ್ಲಿ ಒಂದೇ ಆಗಿದ್ದ ಯೋಜನೆ ಕಾನೂನಿನ ಮುಂದೆ ಐವತ್ತಮೂರಾಯಿತು. ಪರಿಸರ ಪರಿಣಾಮದ ಸಮಗ್ರ ಅಧ್ಯಯನ ಹೀಗೆ ತಪ್ಪಿಹೋಯಿತು. ಸಾರ್ವಜನಿಕ ಅಹವಾಲು ಕೇಳುವ ವಿಧಿಯಿರುವುದೂ ಆ ಅನುಮತಿಯ ಹಾದಿಯಲ್ಲಿಯೇ.

2019ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ರವಿ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ನೇಮಿಸಿತು. ಅಷ್ಟರಲ್ಲಿ ಇಳಿಜಾರುಗಳನ್ನು ಕಡಿಯುವ ಕೆಲಸ ಬಹುದೂರ ಸಾಗಿತ್ತು. ಬೆಟ್ಟದ ರಸ್ತೆಗೆ 5.5 ಮೀಟರ್ ಅಗಲ ಸಾಕೆಂದು ಸಚಿವಾಲಯದ್ದೇ 2018ರ ಸುತ್ತೋಲೆ ಹೇಳಿತ್ತು. 2020ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಡಿಸೆಂಬರಿನಲ್ಲಿ ಆ ಸುತ್ತೋಲೆಯೇ ಬದಲಾಯಿತು! ಗಡಿಯ ಕಡೆಗೆ ಸಾಗುವ ರಸ್ತೆಗಳಿಗೆ ಹೆಚ್ಚಿನ ಅಗಲ ಬಂದಿತು. 2021ರ ಡಿಸೆಂಬರ್ 14ರಂದು ರಕ್ಷಣೆಯ ಅಗತ್ಯವನ್ನು ಮನ್ನಿಸಿ ನ್ಯಾಯಾಲಯ ಅದಕ್ಕೆ ಸಮ್ಮತಿಸಿತು. ಸೈನ್ಯಕ್ಕೆ ರಸ್ತೆ ಬೇಡವೆನ್ನುವ ವಿವೇಕಶೂನ್ಯರು ಯಾರೂ ಇರಲಾರರು. ಆದರೆ ಯಾತ್ರಿಕರ ಹೆಸರಿನಲ್ಲಿ ಆರಂಭವಾದ ಯೋಜನೆಯ ಅಗಲಕ್ಕೆ ಕಾರಣ ನಾಲ್ಕು ವರ್ಷಗಳ ನಂತರ ಬದಲಾಗುವುದಾದರೆ, ಮೊದಲ ಅಂದಾಜುಪಟ್ಟಿ ಯಾವ ಆಧಾರದ ಮೇಲೆ ಸಿದ್ಧವಾಗಿತ್ತು? 2023ರ ನವೆಂಬರಿನಲ್ಲಿ ಇದೇ ಯೋಜನೆಯ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಹದಿನೇಳು ದಿನ ಒಳಗೆ ಸಿಲುಕಿದ್ದರು. ಎಲ್ಲರೂ ಜೀವಂತ ಹೊರಬಂದದ್ದು ಪುಣ್ಯ.

ಹಿಮಾಲಯ ದೂರವೆಂದು ಮಲೆನಾಡು ಸುಮ್ಮನಿರುವಂತಿಲ್ಲ, 100 ಕಿ.ಮೀ.ಗಳ ಆ ವಿನಾಯಿತಿ ಸಹ್ಯಾದ್ರಿಯ ಹೆದ್ದಾರಿಗಳಿಗೂ ಅನ್ವಯಿಸುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಹಲವರು ಜೀವ ತೆತ್ತರು. ಗಂಗಾವಳಿಯ ತಳದಿಂದ ಒಂದು ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ ಕೊನೆಯಾಗಬೇಕಾಯಿತು. ಕಡಿದ ಗುಡ್ಡವನ್ನು ಹಿಡಿದು ನಿಲ್ಲಿಸುವ ಖರ್ಚು, ಪ್ರತಿ ಮಳೆಗಾಲ ಮಣ್ಣು ತೆಗೆಯುವ ಖರ್ಚು, ಕಡಿದ ಮರಗಳು, ಹೆಚ್ಚುವ ವಾಹನಗಳ ಹೊಗೆ, ಅದೇ ಹಣದಲ್ಲಿ ಎಷ್ಟು ಹಳ್ಳಿಗಳಿಗೆ ಬಸ್ಸು ಓಡಿಸಬಹುದಿತ್ತೆಂಬ ತುಲನೆ: ಇವೆಲ್ಲ ಟೆಂಡರು ಕರೆಯುವ ಮುನ್ನವೇ ಯೋಜನಾ ವರದಿಯ ಒಂದು ಪುಟದಲ್ಲಿ, ಕನ್ನಡದಲ್ಲಿ, ಪಂಚಾಯತಿಯ ಗೋಡೆಯ ಮೇಲೆ ಕಾಣಬೇಕು.

ಕಾಯಿದೆಯ 4ನೇ ಕಲಮು ಯೋಜನೆಗಳ ಹಾಗೂ ಉದ್ದೇಶಿತ ವೆಚ್ಚದ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುತ್ತದೆ. ಜನರನ್ನು ಬಾಧಿಸುವ ಮುಖ್ಯ ನಿರ್ಧಾರಗಳನ್ನು ಸಾರುವಾಗ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ತಿಳಿಸಬೇಕೆನ್ನುತ್ತದೆ. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸಿ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ 2ನೇ ಕಲಮಿನಲ್ಲಿದೆ. ಗುಡ್ಡದ ಬದಿಯ ತಡೆಗೋಡೆಯ ವಿಷಯದಲ್ಲಿ ಇದನ್ನು ಬಳಸಿದವರು ತೀರ ವಿರಳ. ಅರ್ಜಿ ಬರೆಯುವವರಿಗೆ ಒಂದು ಎಚ್ಚರಿಕೆ. ಕರ್ನಾಟಕದ ನಿಯಮದಂತೆ ರಾಜ್ಯದ ಕಚೇರಿಗಳಿಗೆ ಸಲ್ಲಿಸುವ ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಆದುದರಿಂದ ಮೊದಲ ಅರ್ಜಿಯಲ್ಲಿ ಅಂದಾಜುಪಟ್ಟಿ ಮಾತ್ರ. ಮರಗಳ ಎಣಿಕೆಗೆ ಎರಡನೆಯದು, ಗುಡ್ಡದ ಭೂಗರ್ಭ ಪರೀಕ್ಷೆಯ ವರದಿಗೆ ಮೂರನೆಯದು. ಪ್ರತಿಯೊಂದಕ್ಕೂ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನ.