ವಿಪತ್ತು ನಿಧಿ, ಕರಾವಳಿ ಕಾವಲು ಮತ್ತು ನಮ್ಮ ಸಂಘ
ಬೆಳ್ಳಿ ಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ



ಸಂಘ ಇಪ್ಪತ್ತೈದು ವರ್ಷ ಹೇಗೆ ನಡೆದು ಬಂತು ಎಂಬುದನ್ನು ಹೇಳಲಿಕ್ಕೆ ನನಗಿಂತ ತಿಳಿದ ಹಿರಿಯರು ಇಲ್ಲಿದ್ದಾರೆ. ನನ್ನ ಪಾಲಿಗೆ ಬಂದ ವಿಷಯ ಬೇರೆ. ಕಾರ್ಯದರ್ಶಿಗಳು ಮನೆಗೆ ಬಂದು, "ನೀವು ಕಂದಾಯ ಇಲಾಖೆಯಲ್ಲಿ ಇದ್ದವರು. ನೆರೆ, ಗುಡ್ಡ ಕುಸಿತಕ್ಕೆ ಸರಕಾರದಿಂದ ಎಷ್ಟು ಹಣ ಬರ್ತದೆ, ಹೇಗೆ ಬರ್ತದೆ ಅಂತ ಜನಕ್ಕೆ ತಿಳಿಯೋ ಹಾಗೆ ಹೇಳಿ. ಭಯೋತ್ಪಾದನೆ ತಡೆಯುವ ಬಗ್ಗೆಯೂ ಎರಡು ಮಾತು ಸೇರಿಸಿ" ಎಂದರು. ಇದೆಂತ ನೆರೆಗೂ ಭಯೋತ್ಪಾದನೆಗೂ ಗಂಟು ಹಾಕ್ತಾರಪ್ಪಾ ಅಂತ ನನಗೆ ಮೊದಲು ಅನ್ನಿಸಿತು. ಆಮೇಲೆ ಯೋಚನೆ ಮಾಡಿದಾಗ ಅವರು ಹೇಳಿದ್ದರಲ್ಲಿ ಹುರುಳಿದೆ ಎಂದು ಕಂಡಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ರಾತ್ರಿಯ ಕತೆ. ನಾನು ಇನ್ನೂ ನೌಕರಿಯಲ್ಲಿದ್ದಾಗಿನದು. ಊರಿನ ಹೆಸರು ಬೇಡ. ಹೊಳೆ ದಂಡೆಯ ಒಂದು ಕೇರಿಗೆ ರಾತ್ರಿ ಹನ್ನೊಂದರ ಮೇಲೆ ನೀರು ನುಗ್ಗಿತು. ಶಾಲೆಯನ್ನು ಗಂಜಿ ಕೇಂದ್ರ ಮಾಡಬೇಕೆಂದು ಕಾಗದದಲ್ಲಿ ಬರೆದಿತ್ತು. ಅಕ್ಕಿ ಬಂತು, ಬೇಳೆ ಬಂತು, ಜೀಪಿನಲ್ಲಿ ನಾವೂ ಬಂದೆವು. ಶಾಲೆಗೆ ಬೀಗ. ಕೀಲಿಕೈ ಮುಖ್ಯೋಪಾಧ್ಯಾಯರ ಹತ್ತಿರ, ಅವರಿರುವುದು ಹದಿನೈದು ಮೈಲು ಆಚೆ, ನಡುವೆ ರಸ್ತೆಯ ಮೇಲೆ ಸೊಂಟಮಟ್ಟ ನೀರು. ಹೆಂಗಸರು ಮಕ್ಕಳು ಒದ್ದೆ ಬಟ್ಟೆಯಲ್ಲಿ ಜಗಲಿ ಮೇಲೆ ನಿಂತುಕೊಂಡಿದ್ದರು. ಒಬ್ಬಳು ಮುದುಕಿ ನನ್ನನ್ನೇ ನೋಡಿ, "ಒಡೆಯಾ, ಸರಕಾರದ ದುಡ್ಡು ಬಂತಡ, ಕೀಲಿಕೈ ಯಾವಾಗ ಬತ್ತದೆ?" ಎಂದು ಕೇಳಿದಳು. ಕಡೆಗೆ ಬೀಗ ಒಡೆದೆವು. ಮರುದಿನ ಬೀಗ ಒಡೆದದ್ದಕ್ಕೆ ವಿವರಣೆ ಬರೆದುಕೊಟ್ಟೆ, ಆ ಮಾತು ಬೇರೆ. ಆದರೆ ಆ ಮುದುಕಿಯ ಪ್ರಶ್ನೆಗೆ ಉತ್ತರ ಯಾವ ಸುತ್ತೋಲೆಯಲ್ಲಿಯೂ ನನಗೆ ಸಿಗಲಿಲ್ಲ.

ಈಗ ಹಣದ ವಿಷಯ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂತು. ಅದಕ್ಕಿಂತ ಮೊದಲೂ ಪರಿಹಾರ ಇತ್ತು, ಆದರೆ ಅದು ಕೊಟ್ಟವರ ದಯೆ ಎಂಬಂತೆ ಇತ್ತು. ಕಾಯಿದೆ ಬಂದ ಮೇಲೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ, ಒಂದು ಯೋಜನೆ ಇರಲೇಬೇಕು ಅಂತ ಆಯಿತು. ಪಂಚಾಯತ, ಪುರಸಭೆಗಳಿಗೂ ಅದರಲ್ಲಿ ಕೆಲಸ ಹಚ್ಚಿದ್ದಾರೆ. ತಮ್ಮ ನೌಕರರಿಗೆ ತರಬೇತಿ ಕೊಡಿಸುವುದು, ಸಾಮಾನು ಸರಂಜಾಮು ಯಾವಾಗ ಬೇಕಾದರೂ ಬಳಸುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಅವರ ಕರ್ತವ್ಯ ಎಂದು ಕಾಯಿದೆಯಲ್ಲೇ ಬರೆದಿದೆ.

ರಾಜ್ಯದ ವಿಪತ್ತು ನಿಧಿಗೆ ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ್ದು ನೂರಕ್ಕೆ 75, ರಾಜ್ಯದ್ದು 25. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಈ ಹಣವನ್ನು ಹೇಗೆ ಪಾಲು ಮಾಡಬೇಕು ಎಂದು ಹೇಳಿತು. ನೂರು ರೂಪಾಯಿ ಇದೆ ಅಂತ ಇಟ್ಟುಕೊಳ್ಳಿ. 40 ರೂಪಾಯಿ ಆ ಹೊತ್ತಿನ ರಕ್ಷಣೆಗೆ, ಪರಿಹಾರಕ್ಕೆ. 30 ರೂಪಾಯಿ ಹಾಳಾದದ್ದನ್ನು ಮತ್ತೆ ಕಟ್ಟಲಿಕ್ಕೆ. 20 ರೂಪಾಯಿ ಉಪಶಮನ ನಿಧಿಗೆ, ಅಂದರೆ ಅಪಾಯ ಬರುವ ಮೊದಲೇ ಅದನ್ನು ತಗ್ಗಿಸುವ ಕೆಲಸಕ್ಕೆ. ಉಳಿದ 10 ರೂಪಾಯಿ ಸಿದ್ಧತೆಗೆ, ತರಬೇತಿಗೆ. ಹೊಳೆ ಮತ್ತು ಕಡಲಿನ ಕೊರೆತ ತಡೆಯಲಿಕ್ಕೆ ಇಡೀ ದೇಶಕ್ಕೆ 1500 ಕೋಟಿ, ಕೊರೆತದಿಂದ ಮನೆ ಕಳಕೊಂಡವರನ್ನು ಬೇರೆ ಕಡೆ ನೆಲೆ ನಿಲ್ಲಿಸಲಿಕ್ಕೆ 1000 ಕೋಟಿ ಬೇರೆಯೇ ಇಡಿ ಎಂದೂ ಆಯೋಗ ಶಿಫಾರಸು ಮಾಡಿತ್ತು.

ನಮಗೆಲ್ಲ ಗೊತ್ತಿರುವುದು ಮೊದಲಿನ 40 ರೂಪಾಯಿ ಮಾತ್ರ. ಜೀವ ಹೋದರೆ 4 ಲಕ್ಷ. ಅಡಿಕೆ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ 2022ರಿಂದ 2026ರ ದರದಂತೆ ಹೆಕ್ಟೇರಿಗೆ 22,500, ಅದೂ ಎರಡು ಹೆಕ್ಟೇರಿನ ತನಕ, ಅದೂ ಶೇಕಡಾ 33ಕ್ಕಿಂತ ಕಮ್ಮಿ ಹಾನಿಯಾದರೆ ಇಲ್ಲ. ಇದನ್ನು ಬಾಯಿಪಾಠ ಹೇಳುವವರು ಪ್ರತಿ ಕೇರಿಯಲ್ಲೂ ಇದ್ದಾರೆ. ಉಳಿದ 20 ಮತ್ತು 10 ರೂಪಾಯಿ ಕೇಳಿಕೊಂಡು ಕಚೇರಿಗೆ ಬಂದವರನ್ನು ನಾನು ನನ್ನ ಸರ್ವಿಸಿನಲ್ಲಿ ಬೆರಳೆಣಿಕೆಯಷ್ಟು ಕಂಡಿಲ್ಲ. ಬಿದ್ದ ಮನೆಗೆ ಅರ್ಜಿ ಬರ್ತದೆ, ಬೀಳುವ ಧರೆಗೆ ಅರ್ಜಿ ಬರುವುದಿಲ್ಲ. ಅನುದಾನ ಎನ್ನುವುದು ಕೇಳಿದವರ ಕಡೆ, ಕಾಗದ ಸರಿ ಇದ್ದವರ ಕಡೆ ಹರಿಯುವ ನೀರು. ಇದು ಸರಿಯೋ ತಪ್ಪೋ, ಇರುವುದು ಹಾಗೆ.

ಬೀಳುವ ಧರೆ ಎಂದೆ. ಕುಮಟಾದ ತಂಡ್ರಕುಳಿಯಲ್ಲಿ 2017ರ ಮಳೆಗಾಲದಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿ ಮಕ್ಕಳು ಹೋದವು. ಭಟ್ಕಳದ ಮುಟ್ಟಳ್ಳಿಯಲ್ಲಿ 2022ರ ಆಗಸ್ಟಿನ ಆ ಒಂದು ರಾತ್ರಿಯ ಮಳೆಗೆ ಮನೆ ಮೇಲೆ ಗುಡ್ಡ ಬಿದ್ದು ಒಂದೇ ಮನೆಯ ನಾಲ್ವರು ಹೋದರು. 2024ರ ಜುಲೈ 16ರಂದು ನಮ್ಮ ಪಕ್ಕದ ಅಂಕೋಲೆಯ ಶಿರೂರಿನಲ್ಲಿ ಆದದ್ದು ನಿಮ್ಮ ಕಣ್ಣ ಮುಂದೆಯೇ ಇದೆ. ಗುಡ್ಡ ಚಹಾದಂಗಡಿಯನ್ನು ಮನೆಮಂದಿ ಸಮೇತ ಗಂಗಾವಳಿಗೆ ನೂಕಿತು. ಹೊಳೆಯ ನೀರು ಎದ್ದು ಆಚೆ ದಂಡೆಯ ಉಳುವರೆಗೂ ಬಡಿಯಿತು. ಒಂದು ಲಾರಿಯನ್ನು ಹುಡುಕಲು ಗೋವಾದಿಂದ ಡ್ರೆಜರ್ ತರಬೇಕಾಯಿತು, ಅದು ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಹುಡುಕಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ, ಹುಡುಕಲೇಬೇಕಿತ್ತು. ಆದರೆ ಹುಡುಕಲಿಕ್ಕೆ ಖರ್ಚಾದದ್ದರಲ್ಲಿ ಒಂದು ಪಾಲು ಮೊದಲೇ ಆ ಗುಡ್ಡಕ್ಕೆ ಖರ್ಚಾಗಿದ್ದರೆ ಎಂದು ಆ ದಿನಗಳಲ್ಲಿ ಯೋಚನೆ ಮಾಡದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ?

ಮೊದಲೇ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಒಡಿಶಾ ಇದೆ. 1999ರ ಅಕ್ಟೋಬರಿನ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಮೇಲೆ ಅವರು ಕಡಲ ದಂಡೆಯಲ್ಲಿ ಆಶ್ರಯ ಕಟ್ಟಡ ಕಟ್ಟಿದರು, ಊರೂರಲ್ಲಿ ಹುಡುಗರನ್ನು ತಯಾರು ಮಾಡಿದರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಎಬ್ಬಿಸಿ ಕಳಿಸಿದರು. ಸತ್ತವರು ಐವತ್ತರ ಒಳಗೆ. ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಎರಡನೇ ಹಂತದಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ನಮ್ಮ ಕರ್ನಾಟಕ ಕರಾವಳಿಗೂ ಅಂಥ ಆಶ್ರಯ ಕಟ್ಟಡಗಳು ಬಂದವು. ಕಟ್ಟಡ ಬರುವುದು ದೊಡ್ಡದಲ್ಲ. ಅದರ ಬೀಗದ ಕೀಲಿಕೈ ಯಾರ ಮನೆಯ ಗೂಟಕ್ಕೆ ನೇತು ಹಾಕಿದೆ, ನನ್ನದು ಮತ್ತೆ ಅದೇ ಪ್ರಶ್ನೆ.

ಈಗ ಕಾರ್ಯದರ್ಶಿಗಳು ಹೇಳಿದ ಎರಡನೇ ಮಾತಿಗೆ ಬರುತ್ತೇನೆ. 2008ರ ನವೆಂಬರ್ 26ರಂದು ಮುಂಬಯಿಗೆ ಬಂದ ಹತ್ತು ಜನ ಕಡಲ ಮೇಲಿಂದ ಬಂದರು. ಗುಜರಾತಿನ ಮೀನುಗಾರರ 'ಕುಬೇರ' ಎಂಬ ಬೋಟನ್ನು ಹಿಡಿದು, ಅದರಲ್ಲಿದ್ದವರನ್ನು ಕೊಂದು, ಅದರಲ್ಲೇ ಬಂದರು. ಮೊದಲು ಸತ್ತವರು ಮೀನುಗಾರರು ಎಂಬುದನ್ನು ಜನ ಮರೆತಿದ್ದಾರೆ. ಕೇಂದ್ರದ ಕರಾವಳಿ ಭದ್ರತಾ ಯೋಜನೆ 2005ರಲ್ಲೇ ಶುರುವಾಗಿತ್ತು, ಮುಂಬಯಿಯ ನಂತರ ಅದಕ್ಕೆ ಜೀವ ಬಂತು, 2011ರಿಂದ ಎರಡನೇ ಹಂತ. ನಮ್ಮ ರಾಜ್ಯಕ್ಕೆ ಒಟ್ಟು ಒಂಬತ್ತು ಕರಾವಳಿ ಕಾವಲು ಠಾಣೆಗಳಾದವು. ಅದರಲ್ಲಿ ಭಟ್ಕಳ ಒಂದು, ಹೊನ್ನಾವರ ಒಂದು, ಕುಮಟಾ ಒಂದು. ಮೀನುಗಾರರಿಗೆ ಗುರುತಿನ ಚೀಟಿ, ಬೋಟಿಗೆ ನೋಂದಣಿ, ಬಣ್ಣ, ಇದೆಲ್ಲ ಬಂದದ್ದು ಆಗಲೇ. "ಇದೆಂತ ಕಿರಿಕಿರಿ ಮಾರಾಯ್ರೇ" ಎಂದು ತೆಂಗಿನಗುಂಡಿಯಲ್ಲೂ ಕಾಸರಕೋಡಿನಲ್ಲೂ ತದಡಿಯಲ್ಲೂ ಗೊಣಗಿದವರಿದ್ದಾರೆ. ಕಿರಿಕಿರಿ ಹೌದು. ಆದರೆ ಬೋಟು ಮುಳುಗಿದಾಗ ಪರಿಹಾರಕ್ಕೆ ಮೊದಲು ಕೇಳುವುದು ಅದೇ ನೋಂದಣಿ ಕಾಗದ. ದಂಡೆಯಿಂದ ಎಷ್ಟು ಮಂದಿ ಹೋದರು, ಎಷ್ಟು ಮಂದಿ ಬಂದರು ಎಂಬ ಲೆಕ್ಕ ಇಟ್ಟರೆ ಬಿರುಗಾಳಿಗೂ ಅದೇ ಲೆಕ್ಕ, ಗುರುತಿಲ್ಲದ ಬೋಟಿಗೂ ಅದೇ ಲೆಕ್ಕ. ಕಾರ್ಯದರ್ಶಿಗಳು ಹಾಕಿದ ಗಂಟು ಇಲ್ಲಿದೆ. ಕರಾವಳಿ ಕಾವಲು ಪೊಲೀಸರ ನಂಬರು 1093, ತಟರಕ್ಷಣಾ ಪಡೆಯದ್ದು 1554, ಜಿಲ್ಲಾ ಕಂಟ್ರೋಲ್ ರೂಮು 1077, ಎಲ್ಲದಕ್ಕೂ 112. ಈ ಪುಟ ಹರಿದು ಗೋಡೆಗೆ ಅಂಟಿಸಿಕೊಂಡರೂ ನನಗೆ ಬೇಜಾರಿಲ್ಲ.

ಇಲ್ಲೇ ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಕಾವಲು ಅಂದರೆ ಪಕ್ಕದ ಮನೆಯವನ ಮೇಲೆ ಕಣ್ಣಿಡುವುದು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. 1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಹೊತ್ತಿದ್ದನ್ನು ನೋಡಿದವರು ಈ ಸಭೆಯಲ್ಲಿದ್ದೀರಿ. 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟಾದಲ್ಲಿ ಅಂಗಡಿ ಬಾಗಿಲು ಹಾಕಿದ್ದನ್ನು ಹುಡುಗರೂ ನೋಡಿದ್ದಾರೆ. ಆ ದಿನಗಳಲ್ಲಿ ಯಾವ ಪರದೇಶದವನೂ ಬೋಟಿನಲ್ಲಿ ಬಂದಿರಲಿಲ್ಲ, ಬಂದದ್ದು ಗಾಳಿಸುದ್ದಿ. ಭಟ್ಕಳದ ಹೆಸರು ಹೇಳಿದರೆ ಹೊರಗಿನ ಊರುಗಳಲ್ಲಿ ಬಾಡಿಗೆ ರೂಮು ಕೊಡುವುದಿಲ್ಲ ಎಂದು ನಮ್ಮ ಮಕ್ಕಳು ಹೇಳುವಾಗ ಹೊಟ್ಟೆ ಉರಿಯುತ್ತದೆ. ಆ ಮಕ್ಕಳಲ್ಲಿ ನಾಯ್ಕರೂ ಇದ್ದಾರೆ, ನವಾಯತರೂ ಇದ್ದಾರೆ. ಗುರುತಿಲ್ಲದ ಬೋಟು ಕಂಡರೆ, ವಾರಸುದಾರರಿಲ್ಲದ ಚೀಲ ಕಂಡರೆ ನಂಬರಿಗೆ ಫೋನು ಮಾಡಿ, ಅದು ಕಾವಲು. ಮೊಬೈಲಿನಲ್ಲಿ ಬಂದದ್ದನ್ನು ಹತ್ತು ಜನಕ್ಕೆ ದೂಡುವುದು ಕಾವಲಲ್ಲ.

2025ರ ಮೇ ತಿಂಗಳಲ್ಲಿ ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ಎಂದು ಹೊರಟಾಗ ಕರ್ನಾಟಕದ ಪಟ್ಟಿಯಲ್ಲಿ ಇದ್ದದ್ದು ಬೆಂಗಳೂರು, ರಾಯಚೂರು ಮತ್ತು ನಮ್ಮ ಕಾರವಾರ. ಕೈಗಾ, ಸೀಬರ್ಡ್ ಇರುವ ಜಿಲ್ಲೆ, ಸಹಜ. ಆದರೆ ಅಣಕು ಕಾರ್ಯಾಚರಣೆ ಕಾರವಾರದಿಂದ ಈ ಕಡೆ ನಮ್ಮ ಗಜನಿ ಗದ್ದೆಯ ತನಕ ಬರಬೇಕಾದರೆ ಇಲ್ಲಿಂದ ಕರೆಯುವವರು ಬೇಕು.

ಹಾಗಾದರೆ ಸೊಸೈಟಿ ಏನು ಮಾಡಬಹುದು? "ನಮ್ಮದು ಸಾಲ ಕೊಡುವ ಸಂಘ, ಇದು ಪಂಚಾಯತದ ಕೆಲಸ" ಎಂದು ನಿರ್ದೇಶಕರೊಬ್ಬರು ಊಟದ ಹೊತ್ತಿಗೆ ಹೇಳಿದರು. ತಪ್ಪಲ್ಲ. ಆದರೆ ಸ್ವಾಮಿ, ಊರಿನಲ್ಲಿ ಮನೆ ಮನೆಯ ಲೆಕ್ಕ ಇರುವುದು ಯಾರ ಹತ್ತಿರ? ಯಾರ ಪಹಣಿ ಯಾರ ಹೆಸರಿನಲ್ಲಿದೆ, ಯಾರ ಖಾತೆ ಬಂದ್ ಆಗಿದೆ, ಯಾರ ಮಗ ದುಬೈಯಲ್ಲಿ, ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ ಎಂಬುದು ನಮ್ಮ ಗುಮಾಸ್ತನಿಗೆ ಗೊತ್ತಿರುವಷ್ಟು ತಾಲೂಕು ಕಚೇರಿಗೆ ಗೊತ್ತಿಲ್ಲ. ಗೋದಾಮು ಎತ್ತರದ ಜಾಗದಲ್ಲಿದೆ. ಪಡಿತರದ ಅಕ್ಕಿ ನಮ್ಮಲ್ಲೇ ಇಳಿಯುತ್ತದೆ.

ಪರಿಹಾರ ತಪ್ಪಿಹೋಗುವುದು ಹೆಚ್ಚಾಗಿ ಹಣ ಇಲ್ಲದೆ ಅಲ್ಲ. ಪಹಣಿ ಸತ್ತ ಅಜ್ಜನ ಹೆಸರಿನಲ್ಲೇ ಇರುತ್ತದೆ. ಆಧಾರಿನಲ್ಲಿ ಒಂದು ಹೆಸರು, ಪಾಸ್ ಪುಸ್ತಕದಲ್ಲಿ ಇನ್ನೊಂದು. ಗೇಣಿಗೆ ಮಾಡಿದವನ ಹೆಸರು ಎಲ್ಲಿಯೂ ಇಲ್ಲ. ಗಜನಿ ಕಟ್ಟೆ ಒಡೆದು ಉಪ್ಪುನೀರು ನುಗ್ಗಿದಾಗ ನಷ್ಟ ಆದವನು ಒಬ್ಬ, ಚೆಕ್ಕು ಬಂದದ್ದು ಇನ್ನೊಬ್ಬನಿಗೆ. ಇಂಥ ಪಂಚನಾಮೆಗೆ ನಾನೇ ಸಹಿ ಹಾಕಿದ್ದೇನೆ. ನಿಯಮದ ಪ್ರಕಾರ ಸರಿ ಇತ್ತು, ಮನಸ್ಸಿಗೆ ಸರಿ ಇರಲಿಲ್ಲ. ಸಂಘದ ಕಚೇರಿಯಲ್ಲಿ ವಾರಕ್ಕೆ ಒಂದು ಸಂಜೆ ಕೂತು ಸದಸ್ಯರ ಕಾಗದ ಸರಿ ಮಾಡಿಸಿದರೆ ಅದಕ್ಕೆ ಯಾವ ಅನುದಾನವೂ ಬೇಡ.

ಆಮೇಲೆ ಗ್ರಾಮ ಸಭೆ. ಪಂಚಾಯತದ ಅಭಿವೃದ್ಧಿ ಯೋಜನೆಯಲ್ಲಿ ಯಾವ ಧರೆಗೆ ತಡೆಗೋಡೆ ಬೇಕು, ಯಾವ ಮೋರಿ ಕಟ್ಟಿದೆ, ಯಾವ ಕೇರಿಯವರು ಎಲ್ಲಿಗೆ ಹೋಗಬೇಕು ಎಂದು ಬರೆಸಿ, ಅದರ ಪ್ರತಿಯನ್ನು ತಹಶೀಲ್ದಾರರ ಮೂಲಕ ಜಿಲ್ಲಾ ಪ್ರಾಧಿಕಾರಕ್ಕೆ ಕಳಿಸಿ. ಠರಾವಿನ ಕೆಳಗೆ ಸಂಘದ ಶಿಕ್ಕಾ ಬಿದ್ದರೆ ತೂಕ ಬೇರೆ. ಲಿಂಗನಮಕ್ಕಿ ತುಂಬುವಾಗ ಕೊಡುವ ಮುನ್ನೆಚ್ಚರಿಕೆ ಶರಾವತಿಯ ಎರಡೂ ದಂಡೆಗೆ ಪೇಪರಿನಲ್ಲಿ ಬರುತ್ತದೆ, ಅದನ್ನು ಓದಲು ಬಾರದ ಮನೆಗೆ ಯಾರು ಹೋಗಿ ಹೇಳುತ್ತಾರೆ ಎಂದು ಹೆಸರು ಹಿಡಿದು ಬರೆದಿಡಿ. ಹೆಸರಿಲ್ಲದ ಜವಾಬ್ದಾರಿ ಯಾರದ್ದೂ ಅಲ್ಲ, ಇದು ಸಾಲಕ್ಕೆ ಜಾಮೀನು ಕೇಳುವ ನಿಮಗೆ ನಾನು ಹೇಳಬೇಕಾದ್ದಿಲ್ಲ.

ಬೆಳ್ಳಿ ಹಬ್ಬದ ಖರ್ಚಿನಲ್ಲಿ ಸ್ವಲ್ಪ ಶಿಲ್ಕು ಉಳಿಯಬಹುದು ಎಂದು ಖಜಾಂಚಿಗಳು ಹೇಳಿದ್ದಾರೆ. ಅದರಲ್ಲಿ ನಾಲ್ಕು ಒಳ್ಳೆಯ ಟಾರ್ಚು, ಇನ್ನೂರು ಅಡಿ ಗಟ್ಟಿ ಹಗ್ಗ, ಹತ್ತು ಜೀವರಕ್ಷಕ ಜಾಕೀಟು ತಂದು ಗೋದಾಮಿನಲ್ಲಿಡಿ. ಗೋದಾಮಿಗೂ ಶಾಲೆಗೂ ಎರಡನೇ ಕೀಲಿಕೈ ಮಾಡಿಸಿ. ಒಂದು ನಮ್ಮ ಗುಮಾಸ್ತನ ಹತ್ತಿರ, ಇನ್ನೊಂದು ಹೊಳೆಬದಿಯ ಅಂಬಿಗರ ಕೇರಿಯಲ್ಲಿ ಯಾರಾದರೂ ಒಬ್ಬ ಅಕ್ಕನ ಹತ್ತಿರ ಇರಲಿ. ಗಂಡಸರು ಕಡಲಿಗೆ ಹೋಗಿರುತ್ತಾರೆ, ಅವಳು ಊರಲ್ಲೇ ಇರುತ್ತಾಳೆ. ಶಾಲೆಯವರ ಒಪ್ಪಿಗೆ ಪತ್ರ ಬರೆಯಲು ನಾನು ಬರುತ್ತೇನೆ, ಒಕ್ಕಣೆ ನನಗೆ ಗೊತ್ತು. ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ, ಅಷ್ಟರೊಳಗೆ ಆದರೆ ಒಳ್ಳೆಯದು.